ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಕ್ಕೂ ರಾಜಕಾಲುವೆಯ ನಿಯಮ ಅನ್ವಯಿಸುತ್ತದೆಯೇ?

ಪ್ರಶ್ನೆ: ಬಡಾವಣೆಯ ನಿವಾಸಿ

2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರ ಹೊಲಗಳ ಮೇಲೆ ಎದ್ದ ಬಡಾವಣೆಯಲ್ಲಿ ನಾವು ಹನ್ನೊಂದು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಕೊನೆಯ ಅಡ್ಡರಸ್ತೆಯ ಆಚೆಗೆ ಒಂದು ಚಿಕ್ಕ ಹಳ್ಳವಿದೆ. ವರ್ಷದಲ್ಲಿ ಏಳೆಂಟು ತಿಂಗಳು ಅದರಲ್ಲಿ ನೀರಿರುವುದಿಲ್ಲ. ಮರಳು, ಹೊಂಗೆಯ ತರಗೆಲೆ, ಅಲ್ಲಲ್ಲಿ ಲಂಟಾನ ಪೊದೆ, ಇಷ್ಟೇ ಕಾಣುತ್ತದೆ. ಆದರೆ ಜೋರು ಮಳೆ ಬಂದ ರಾತ್ರಿ ಮೊಣಕಾಲೆತ್ತರ ನೀರು ಸದ್ದು ಮಾಡುತ್ತಾ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ನಾವು ಬಂದ ಹೊಸದರಲ್ಲಿ ಆ ನೀರು ಮಾರನೆಯ ದಿನಕ್ಕೆ ತಿಳಿಯಾಗುತ್ತಿತ್ತು, ಕಲ್ಲೆತ್ತಿದರೆ ಅಡಿಯಲ್ಲಿ ಏಡಿಗಳಿರುತ್ತಿದ್ದವು.

ನಾಲ್ಕು ವರ್ಷಗಳ ಹಿಂದೆ ಹಳ್ಳದ ಕಡೆಗಿರುವ ಒಂದು ಕಾಂಪೌಂಡ್ ಗೋಡೆಯಿಂದ ನಾಲ್ಕು ಇಂಚಿನ ಪಿವಿಸಿ ಪೈಪೊಂದು ಹೊರಗೆ ಇಣುಕಿತು. ಈಗ ಅಂಥ ಪೈಪುಗಳು ಒಂಬತ್ತಿವೆ. ಸಂಜೆ ಏಳರ ಹೊತ್ತಿಗೆ ಬೂದುಬಣ್ಣದ ಸೋಪುನೀರು ಬರಲು ತೊಡಗುತ್ತದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಇರುವ ನೀರೆಂದರೆ ಅದೊಂದೇ. ಮರಳು ಕಪ್ಪಾಗಿ ಅಂಟಂಟಾಗಿದೆ. ಕಳೆದ ತಿಂಗಳು ಒಬ್ಬ ಗುತ್ತಿಗೆದಾರರು ಬಂದು ಅಳತೆ ಮಾಡಿಕೊಂಡು ಹೋದರು. ಹಳ್ಳವನ್ನು ಕಾಂಕ್ರೀಟ್ ಪೆಟ್ಟಿಗೆಯೊಳಗೆ ಹಾಯಿಸಿ ಮೇಲೆ ಮುಚ್ಚಿದರೆ ರಸ್ತೆ ಅಗಲವಾಗುತ್ತದೆ, ವಾಸನೆಯೂ ಇರುವುದಿಲ್ಲ ಎಂಬುದು ಅವರ ಮಾತು. ನಮ್ಮ ಸಂಘದಲ್ಲಿ ಬಹುಪಾಲು ಜನ ಒಪ್ಪಿದ್ದಾರೆ. ‘ಇದು ರಾಜಕಾಲುವೆಯಲ್ಲ, ಬರೀ ಮಳೆನೀರಿನ ಚರಂಡಿ, ಇದಕ್ಕೆ ಯಾವ ಕಾನೂನೂ ಇಲ್ಲ’ ಎಂದು ಸಂಬಂಧಪಟ್ಟ ಕಚೇರಿಯಲ್ಲಿ ನನಗೆ ಬಾಯಿಮಾತಿನಲ್ಲಿ ಹೇಳಿದರು.

ನನ್ನ ಪ್ರಶ್ನೆ ನೇರವಾದದ್ದು. ವರ್ಷದ ಬಹುಭಾಗ ಒಣಗಿರುವ ಇಂಥ ಹಳ್ಳಕ್ಕೆ ನಗರದ ನಿಯಮಗಳಲ್ಲಿ ನಿಜವಾಗಿಯೂ ರಕ್ಷಣೆಯಿಲ್ಲವೇ? ಇದ್ದರೆ ಯಾವ ದಾಖಲೆಯನ್ನು ಹಿಡಿದುಕೊಂಡು ಮಾತಾಡಬೇಕು?

ಉತ್ತರ 1: ನಿವೃತ್ತ ಭೂಮಾಪಕ

ಮೂವತ್ತೆರಡು ವರ್ಷ ಸರಪಳಿ ಹಿಡಿದು ಹೊಲಗಳಲ್ಲಿ ನಡೆದವನ ಅನುಭವದಿಂದ ಬರೆಯುತ್ತಿದ್ದೇನೆ. ಕಚೇರಿಯಲ್ಲಿ ನಿಮಗೆ ಹೇಳಿದ ಮಾತನ್ನು ಒಪ್ಪುವ ಮೊದಲು ಮೂಲ ಗ್ರಾಮ ನಕ್ಷೆಯನ್ನು ತೆಗೆಸಿ ನೋಡಿ. ಬಡಾವಣೆಯ ನಕ್ಷೆ ಬೇಡ, ಅದರಲ್ಲಿ ಮಾಡಿದವರಿಗೆ ಬೇಕಾದದ್ದಷ್ಟೇ ಇರುತ್ತದೆ. ಊರಿನ ಹಳೆಯ ನಕ್ಷೆಯಲ್ಲಿ ಕೆರೆ, ಕಟ್ಟೆ, ಗುಂಡುತೋಪು, ಬಂಡಿಜಾಡು, ಹಳ್ಳಗಳನ್ನು ಗುರುತಿಸಿರುತ್ತಾರೆ. ಅಳತೆ ಮಾಡಿದ ದಿನ ಹಳ್ಳ ಒಣಗಿತ್ತೋ ತುಂಬಿತ್ತೋ ಎಂಬುದು ನಕ್ಷೆಗೆ ಮುಖ್ಯವಾಗಿರಲಿಲ್ಲ. ನೀರಿಗೆ ಅಲ್ಲಿ ಜಾಡಿದೆ ಎಂದಾದರೆ ಗೆರೆ ಎಳೆಯುತ್ತಿದ್ದೆವು.

ಇನ್ನು ಖರಾಬಿನ ವಿಚಾರ. ಒಂದು ಸರ್ವೆ ನಂಬರಿನೊಳಗೆ ಹಳ್ಳ ಹಾದುಹೋಗಿದ್ದರೆ ಅಷ್ಟು ಜಾಗವನ್ನು ಸಾಗುವಳಿ ವಿಸ್ತೀರ್ಣದಿಂದ ಕಳೆದು ಖರಾಬು ಎಂದು ಬರೆದಿರುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21(2)ರ ಪ್ರಕಾರ ಇದರಲ್ಲಿ ಎರಡು ಬಗೆಗಳಿವೆ. ಬಂಡೆ, ಜವುಗು ಮುಂತಾದ ಕಾರಣಕ್ಕೆ ಬೆಳೆ ತೆಗೆಯಲಾಗದ ಜಾಗ ಎ-ಖರಾಬು. ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ಬಿ-ಖರಾಬು. 1964ರ ಭೂಕಂದಾಯ ಅಧಿನಿಯಮದ 67ನೇ ಕಲಂ ನದಿ, ಹಳ್ಳ, ನಾಲೆ, ಕೆರೆಗಳನ್ನೂ ಅವುಗಳ ತಳವನ್ನೂ ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಹಾಗಾಗಿ ಹಳ್ಳದ ಜಾಗವನ್ನು ಯಾರೂ ಮಾರಿರಲು ಸಾಧ್ಯವಿಲ್ಲ. ಮಾರಿದ್ದರೆ ತಮ್ಮದಲ್ಲದ್ದನ್ನು ಮಾರಿದ್ದಾರೆ.

ಹಾಗಾದರೆ ಹಳ್ಳ ಕಾಣೆಯಾಗುವುದು ಎಲ್ಲಿ? ನಾನು ಕಣ್ಣಾರೆ ಕಂಡಂತೆ, ಪಹಣಿಗೂ ಖಾತೆಗೂ ನಡುವಿನ ಸಂದಿಯಲ್ಲಿ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಜೊತೆಯಲ್ಲಿಯೇ ಖರಾಬನ್ನು ನಮೂದಿಸಿರುತ್ತಾರೆ. ಭೂಪರಿವರ್ತನೆಯಾಗಿ ನಿವೇಶನಗಳಾದ ಮೇಲೆ ಕೊಳ್ಳುವವರ ಕೈಗೆ ಬರುವುದು ಖಾತೆ ಮತ್ತು ಕ್ರಯಪತ್ರ ಮಾತ್ರ. ನಿವೇಶನದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹಳ್ಳ’ ಎಂದು ಬರೆಯುವ ಬದಲು ‘ಪೂರ್ವಕ್ಕೆ ಖಾಲಿ ಜಾಗ’ ಎಂದು ಬರೆದರೆ ಮುಗಿಯಿತು, ಒಂದು ತಲೆಮಾರಿನಲ್ಲಿ ಹಳ್ಳದ ಹೆಸರೇ ಅಳಿಸಿಹೋಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ನಿಂತ ಜಾಗದ ಸರ್ವೆ ನಂಬರು ತೋರಿಸುವ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಹಳ್ಳದ ಪಕ್ಕ ನಿಂತು ಸರ್ವೆ ನಂಬರುಗಳನ್ನು ಗುರುತು ಹಾಕಿಕೊಳ್ಳಿ. ಇದು ಅಂದಾಜಿಗೆ ಮಾತ್ರ, ಗಡಿಯ ಪುರಾವೆಯಾಗಿ ನಿಲ್ಲುವುದಿಲ್ಲ. ಆ ನಂಬರುಗಳ ಟಿಪ್ಪಣಿ (ಅಳತೆಯ ನಕಾಶೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಭೂಪರಿವರ್ತನೆಗೆ ಮುಂಚಿನ ಪಹಣಿಗಳ ದೃಢೀಕೃತ ನಕಲು ಪಡೆಯಿರಿ. ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಗಳಲ್ಲಿರುತ್ತದೆ: ಒಂದು ಸರಪಳಿಗೆ 33 ಅಡಿ, ಹದಿನಾರು ಆಣೆಗೆ ಒಂದು ಸರಪಳಿ. ಒಂದು ಗುಂಟೆಯೆಂದರೆ 33 ಅಡಿ ಚೌಕ, ಅಂದರೆ 1089 ಚದರ ಅಡಿ. ಉದಾಹರಣೆಗೆ, ಒಂದು ನಂಬರಿನಲ್ಲಿ 2 ಗುಂಟೆ ಬಿ-ಖರಾಬು ಇದ್ದು ಹಳ್ಳದ ಉದ್ದ ನಾಲ್ಕು ಸರಪಳಿ ಎಂದಿದ್ದರೆ ಅದರ ಅಗಲ ಎಂಟು ಆಣೆ, ಅಂದರೆ ಹದಿನಾರೂವರೆ ಅಡಿ ಇರಬೇಕು. ಟೇಪು ಹಿಡಿದು ನೋಡಿ. ಈಗ ಅಲ್ಲಿ ಎಂಟು ಅಡಿ ಮಾತ್ರ ಉಳಿದಿದ್ದರೆ ಮಿಕ್ಕದ್ದನ್ನು ಯಾರೋ ತಮ್ಮ ಕಾಂಪೌಂಡಿಗೆ ಸೇರಿಸಿಕೊಂಡಿದ್ದಾರೆ ಎಂದು ಲೆಕ್ಕವೇ ಹೇಳುತ್ತದೆ. ಆಮೇಲೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಡಿ.

ಉತ್ತರ 2: ವಕೀಲ ವೃತ್ತಿಯವಳು

ಹಿರಿಯರು ಹಳ್ಳದ ಒಡೆತನದ ವಿಚಾರ ಹೇಳಿದ್ದಾರೆ. ನಾನು ಎರಡು ಬೇರೆ ಕಾನೂನುಗಳನ್ನು ಸೇರಿಸುತ್ತೇನೆ, ಏಕೆಂದರೆ ಒಂದು ನೀರಿನ ಪಕ್ಕದ ನೆಲವನ್ನು ಕುರಿತದ್ದು, ಇನ್ನೊಂದು ನೀರನ್ನು ಕುರಿತದ್ದು, ಮತ್ತು ಇವೆರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ದೂರುಗಳು ದಾರಿ ತಪ್ಪುತ್ತವೆ.

ಮೊದಲನೆಯದು ನಗರದ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ–2015ರ ವಲಯ ನಿಯಮಾವಳಿಯು ಕೆರೆಗಳ ಸುತ್ತ 30 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡುವ ಪಟ್ಟಿ) ಬಿಡಬೇಕೆಂದೂ, ರಾಜಕಾಲುವೆ ಎನ್ನುವ ಮಳೆನೀರು ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ವಿಂಗಡಿಸಿ ಕ್ರಮವಾಗಿ 50, 25, 15 ಮೀಟರ್ ಬಿಡಬೇಕೆಂದೂ ಗೊತ್ತುಪಡಿಸಿತು. ಕಾಲುವೆಗಳಿಗೆ ಈ ದೂರವನ್ನು ಅಳೆಯುವುದು ಕಾಲುವೆಯ ನಡುಗೆರೆಯಿಂದ. ಇದು ಚಿಕ್ಕ ಮಾತೆನಿಸಬಹುದು, ಆದರೆ ವ್ಯಾಜ್ಯವೆಲ್ಲ ಇದರ ಮೇಲೆಯೇ ನಡೆದಿದೆ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಕಟ್ಟಡ ಯೋಜನೆಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಕೆರೆಗಳಿಗೆ 75 ಮೀಟರ್, ಮೂರು ಬಗೆಯ ಕಾಲುವೆಗಳಿಗೆ 50, 35, 25 ಮೀಟರ್ ಬಿಡಬೇಕೆಂದಿತು. ಅದೂ ಅಂಚಿನಿಂದ ಅಳೆದು. ಹತ್ತು ಮೀಟರ್ ಅಗಲದ ತೃತೀಯ ಕಾಲುವೆಯನ್ನು ಊಹಿಸಿಕೊಳ್ಳಿ. ನಡುಗೆರೆಯಿಂದ 15 ಮೀಟರ್ ಎಂದರೆ ದಡದಿಂದ ಹೊರಗೆ ಉಳಿಯುವುದು ಹತ್ತೇ ಮೀಟರ್. ನ್ಯಾಯಮಂಡಳಿಯ ಲೆಕ್ಕದಲ್ಲಿ ಅದು ಇಪ್ಪತ್ತೈದು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಈ ಸಾಮಾನ್ಯ ನಿರ್ದೇಶನವನ್ನು ರದ್ದುಪಡಿಸಿತು. ಮಹಾಯೋಜನೆಗೆ ಶಾಸನದ ಬಲವಿದೆ, ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಕಾರಣ. ಹೆಚ್ಚಿನ ಬಫರ್ ಬೇಡವೆಂದು ನ್ಯಾಯಾಲಯ ಹೇಳಿತು ಎಂದು ಹಲವರು ಅರ್ಥಮಾಡಿಕೊಂಡಿದ್ದಾರೆ. ಅದು ಸರಿಯಲ್ಲ. ಬದಲಿಸಬೇಕಾದರೆ ಯೋಜನೆಯನ್ನೇ ಕಾನೂನುಬದ್ಧವಾಗಿ ಬದಲಿಸಬೇಕೆಂಬುದು ತೀರ್ಪಿನ ಸಾರ. ಇಂಥ ಅಳತೆಗಳು ತಿದ್ದುಪಡಿಗೆ ಒಳಗಾಗುವಂಥವು. ಆದ್ದರಿಂದ ನೀವು ಪತ್ರ ಬರೆಯುವ ದಿನಕ್ಕೆ ಜಾರಿಯಲ್ಲಿರುವ ಅಳತೆಯನ್ನು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿಯೇ ಪಡೆದುಕೊಳ್ಳಿ.

ಆ ನಿಯಮಾವಳಿ ಬಫರ್‌ನೊಳಗೆ ರಸ್ತೆ, ಕಾಲುದಾರಿ, ಮೋರಿ, ಸೇತುವೆ, ಕೊಳಚೆನೀರು ಶುದ್ಧೀಕರಣ ಘಟಕಗಳಿಗೆ ಎಡೆಕೊಟ್ಟಿದೆ. ಆದರೆ ನೀರಿನ ಹರಿವಿಗೆ ಅಡ್ಡಿಯಾಗಬಾರದೆಂಬ ಷರತ್ತಿದೆ. ‘ರಸ್ತೆಗೆ ಅವಕಾಶವಿದೆಯಲ್ಲ’ ಎಂದು ಗುತ್ತಿಗೆದಾರರು ಹೇಳಿದರೆ ಈ ಷರತ್ತನ್ನು ತೋರಿಸಿ. ಬಫರ್‌ನಲ್ಲಿ ರಸ್ತೆ ಹಾಯುವುದು ಒಂದು, ಹಳ್ಳವನ್ನೇ ರಸ್ತೆಯ ಅಡಿಗೆ ತಳ್ಳುವುದು ಇನ್ನೊಂದು.

ಎರಡನೆಯದು 1974ರ ಜಲ ಮಾಲಿನ್ಯ ನಿಯಂತ್ರಣ ಅಧಿನಿಯಮ. ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ನೇರವಾದ ಉತ್ತರ ಅದರ 2(ಜೆ) ಕಲಂನಲ್ಲಿದೆ. ‘ಸ್ಟ್ರೀಮ್’ ಎಂಬ ಪದಕ್ಕೆ ಅಲ್ಲಿ ಕೊಟ್ಟಿರುವ ವ್ಯಾಖ್ಯೆಯಲ್ಲಿ ನದಿಯೂ ಸೇರುತ್ತದೆ, ಸದ್ಯ ಹರಿಯುತ್ತಿರಲಿ ಒಣಗಿರಲಿ ನೀರಿನ ಜಾಡೂ ಸೇರುತ್ತದೆ, ನೈಸರ್ಗಿಕವೋ ಕೃತಕವೋ ಆದ ಒಳನಾಡಿನ ಜಲವೂ ಸೇರುತ್ತದೆ, ಅಂತರ್ಜಲವೂ ಸೇರುತ್ತದೆ. ಬೇಸಿಗೆಯಲ್ಲಿ ಒಣಗುವ ನಮ್ಮ ಸೀಮೆಯ ಹಳ್ಳಗಳನ್ನು ಕಂಡೇ ಬರೆದಂತಿರುವ ವ್ಯಾಖ್ಯೆ ಇದು. 24ನೇ ಕಲಂ ಮಲಿನ ವಸ್ತುವನ್ನು ತಿಳಿದೂ ಇಂಥ ಜಾಡಿಗೆ ಬಿಡುವುದನ್ನೂ, ಹರಿವಿಗೆ ತಡೆಯೊಡ್ಡಿ ಮಾಲಿನ್ಯ ಹೆಚ್ಚಿಸುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ ಪೈಪುಗಳ ಬಗ್ಗೆ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು, ಮುಚ್ಚುವಿಕೆಯ ಬಗ್ಗೆ ಪಾಲಿಕೆಗೂ ಯೋಜನಾ ಪ್ರಾಧಿಕಾರಕ್ಕೂ, ಒತ್ತುವರಿಯ ಬಗ್ಗೆ ತಹಶೀಲ್ದಾರರಿಗೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಪ್ರತಿಯೊಬ್ಬರೂ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುತ್ತಾರೆ.

ಬಾಯಿಮಾತಿನ ಉತ್ತರವನ್ನು ಒಪ್ಪಬೇಡಿ. ‘ಈ ಹಳ್ಳವನ್ನು ಯಾವ ದರ್ಜೆಯ ಕಾಲುವೆಯೆಂದು ವಿಂಗಡಿಸಲಾಗಿದೆ, ಆ ವಿಂಗಡಣೆಯ ನಕ್ಷೆಯ ಪ್ರತಿ ಕೊಡಿ’ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ಉತ್ತರ 3: ಹಳ್ಳದ ಪಕ್ಕದ ಮನೆಯವರು

ಬೇರೊಂದು ಬಡಾವಣೆಯಲ್ಲಿ ನಮ್ಮ ಮನೆಯೂ ಇಂಥದೇ ಕಾಲುವೆಯ ಪಕ್ಕದಲ್ಲಿದೆ. ಮಂಜೂರಾದ ನಕ್ಷೆ ಇದೆ, ಬ್ಯಾಂಕಿನ ಸಾಲವಿದೆ, ತೆರಿಗೆ ಕಟ್ಟುತ್ತಿದ್ದೇವೆ. 2016ರಲ್ಲಿ ಬಫರ್ ಹೆಚ್ಚಾಯಿತು ಎಂಬ ಸುದ್ದಿ ಬಂದ ವಾರ ನಮ್ಮ ತಂದೆಯವರು ನಿದ್ದೆ ಮಾಡಲಿಲ್ಲ. ನಾವು ಕೊಂಡಾಗ ಯಾರೂ ನಮಗೆ ಗ್ರಾಮ ನಕ್ಷೆ ತೋರಿಸಲಿಲ್ಲ. ಹಳ್ಳ ಉಳಿಯಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ, ಆದರೆ ಕೊಟ್ಟ ಮಂಜೂರಾತಿಯನ್ನು ನಂಬಿದವರ ಗತಿಯೇನು ಎಂಬುದನ್ನೂ ಈ ಚರ್ಚೆಯಲ್ಲಿ ಯಾರಾದರೂ ಹೇಳಬೇಕು.

ಉತ್ತರ 1ರ ಲೇಖಕರಿಂದ ಮರುಮಾತು

ನಿಮ್ಮ ಸಂಕಟ ನಿಜವಾದದ್ದು. ಆದರೆ ಎರಡು ಗೆರೆಗಳನ್ನು ಬೇರೆಯಾಗಿಯೇ ನೋಡಬೇಕು. ಹಳ್ಳದ ಖರಾಬು ಸರ್ಕಾರದ್ದು. ಅದರೊಳಗೆ ಗೋಡೆ ಬಂದಿದ್ದರೆ ಮಂಜೂರಾದ ನಕ್ಷೆಯೂ ಅದನ್ನು ನಿಮ್ಮದಾಗಿಸುವುದಿಲ್ಲ, ಭೂಕಂದಾಯ ಅಧಿನಿಯಮದ 104ನೇ ಕಲಂ ಪ್ರಕಾರ ತೆರವು ಮಾಡಿಸಬಹುದು. ಬಫರ್ ಹಾಗಲ್ಲ. ಅದು ನಿಮ್ಮದೇ ಜಮೀನು, ಅಲ್ಲಿ ಹೊಸದಾಗಿ ಕಟ್ಟಬಾರದೆಂಬ ನಿರ್ಬಂಧ ಮಾತ್ರ. ನಿಮ್ಮ ಮನೆ ಇವೆರಡರಲ್ಲಿ ಯಾವುದರೊಳಗಿದೆ ಎಂದು ಅಳತೆ ಮಾಡಿಸಿಕೊಳ್ಳಿ. ನಾನು ಅಳೆದ ಎಷ್ಟೋ ಮನೆಗಳಲ್ಲಿ ಖರಾಬಿನೊಳಗೆ ಬಂದಿದ್ದದ್ದು ಮನೆಯಲ್ಲ, ಆಮೇಲೆ ಮುಂದಕ್ಕೆ ಸರಿಸಿ ಕಟ್ಟಿದ ಕಾಂಪೌಂಡು ಮತ್ತು ಕಾರಿನ ಶೆಡ್ಡು.

ಉತ್ತರ 4: ನೀರಿನ ಗುಣಮಟ್ಟ ಪರೀಕ್ಷಿಸುವವನು

ಗೆರೆ, ಅಳತೆ, ಕಲಂಗಳ ಮಾತು ಚೆನ್ನಾಗಿ ಬಂದಿದೆ. ಆದರೆ ಹದಿನೈದು ಮೀಟರ್ ಅಲ್ಲ, ನೂರು ಮೀಟರ್ ಬಿಟ್ಟರೂ ಆ ಒಂಬತ್ತು ಪೈಪುಗಳು ಇರುವವರೆಗೆ ನಿಮ್ಮ ಹಳ್ಳದ ನೀರು ನೀರಾಗುವುದಿಲ್ಲ. ನಮ್ಮ ನಿಯಮಗಳ ಕೊರತೆಯನ್ನು ನಾನು ಕಾಣುವುದು ಇಲ್ಲಿಯೇ: ನೆಲದ ಅಗಲಕ್ಕೆ ಇರುವಷ್ಟು ಗಮನ ನೀರಿನ ಗುಣಕ್ಕೆ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೇಲ್ಮೈ ನೀರನ್ನು ಎ ಯಿಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ಬಿ ದರ್ಜೆಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಮೀನು ಮತ್ತು ವನ್ಯಜೀವಿಗಳಿಗೆ ತಕ್ಕದೆನ್ನುವ ಡಿ ದರ್ಜೆಗೆ 4 ಮಿಲಿಗ್ರಾಂ. ನೀರಾವರಿಗೆ ಎಂದು ಗುರುತಿಸಿದ ಇ ದರ್ಜೆಯಲ್ಲಿ ಆಮ್ಲಜನಕದ ಷರತ್ತೇ ಇಲ್ಲ. ಅಲ್ಲಿ ನೋಡುವುದು ಪಿಎಚ್, ಲವಣಾಂಶ, ಸೋಡಿಯಂ, ಬೋರಾನ್. ಬೆಂಗಳೂರಿನ ಕೆರೆಗಳ ಮಾಸಿಕ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಡಿ ಮತ್ತು ಇ. ‘ಇ’ ಎಂದು ಬರೆದ ನೀರಿನಲ್ಲಿ ಒಂದು ಮೀನೂ ಬದುಕದಿರಬಹುದು, ಆದರೂ ಅದಕ್ಕೊಂದು ದರ್ಜೆ ಸಿಕ್ಕಿಬಿಡುತ್ತದೆ. ಅಕ್ಷರ ನೋಡಿ ಸಮಾಧಾನಪಡಬೇಡಿ, ಆಮ್ಲಜನಕದ ಅಂಕಿಯನ್ನು ಕೇಳಿ. ನೀವೇ ಅಳೆಸುವುದಾದರೆ ಮಧ್ಯಾಹ್ನ ಬೇಡ, ಸೂರ್ಯ ಹುಟ್ಟುವ ಮುಂಚೆ ಅಳೆಸಿ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುವುದರಿಂದ ಕೊಳೆತ ನೀರೂ ಒಳ್ಳೆಯ ಅಂಕಿ ತೋರಿಸುತ್ತದೆ. ರಾತ್ರಿಯೆಲ್ಲ ಉಸಿರಾಡಿ ಮುಗಿಸಿದ ಮೇಲೆ ಉಳಿದದ್ದು ನಿಜವಾದ ಅಂಕಿ. ಕೆರೆಗಳಲ್ಲಿ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲುವುದು ಇದೇ ಕಾರಣಕ್ಕೆ.

ಪೈಪುಗಳು ಏಕೆ ಹೆಚ್ಚಾದವು ಎಂಬುದನ್ನೂ ಯೋಚಿಸಬೇಕು. ನಿಮ್ಮದು 110 ಹಳ್ಳಿಗಳ ಪ್ರದೇಶ. ಅಲ್ಲಿಗೆ ನೀರೊದಗಿಸಲು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳು ಇಟ್ಟುಕೊಳ್ಳುವ ಲೆಕ್ಕ. ಅಂದರೆ ಆ ನೀರು ಪೂರ್ತಿ ಬಳಕೆಯಾದ ದಿನ ಸುಮಾರು 62 ಕೋಟಿ ಲೀಟರ್ ಕೊಳಚೆಗೆ ದಾರಿ ಬೇಕು. ನಲ್ಲಿ ಮೊದಲು ಬಂದು ಒಳಚರಂಡಿ ಆಮೇಲೆ ಬರುವ ಬೀದಿಯಲ್ಲಿ ಆ ದಾರಿ ಹಳ್ಳವೇ. ಟ್ಯಾಂಕರಿನ ನೀರನ್ನು ಅಳೆದು ಬಳಸುತ್ತಿದ್ದಾಗ ಇಂಗುಗುಂಡಿ ತಡೆದುಕೊಳ್ಳುತ್ತಿತ್ತು, ಈಗ ಅದು ತುಂಬಿ ಹೊರಗೆ ಚೆಲ್ಲುತ್ತದೆ. ನಿಮ್ಮ ನೆರೆಯವರು ಕೆಟ್ಟವರೆಂದು ಪೈಪು ಹಾಕಿರಲಾರರು. ಒಳಚರಂಡಿಯ ಸಂಪರ್ಕ ಸಿಗುತ್ತದೆಯೇ ಎಂದು ಜಲಮಂಡಳಿಯಲ್ಲಿ ಒಂಬತ್ತು ಮನೆಯವರೂ ಒಟ್ಟಾಗಿ ಕೇಳುವುದು ಯಾವ ನೋಟಿಸಿಗಿಂತಲೂ ಬೇಗ ಫಲ ಕೊಟ್ಟೀತು.

ಮುಚ್ಚುವ ವಿಚಾರ. ಇದನ್ನು ಮಾತ್ರ ಹೇಗಾದರೂ ತಡೆಯಿರಿ. ಮರಳಿನ ತಳವಿರುವ ತೆರೆದ ಹಳ್ಳದಲ್ಲಿ ನೀರು ಸ್ವಲ್ಪ ಇಂಗುತ್ತದೆ, ಕಲ್ಲುಗಳ ಮೇಲೆ ಒಡೆದು ಗಾಳಿಯನ್ನು ಹಿಡಿಯುತ್ತದೆ, ದಡದ ಹುಲ್ಲು ಹೂಳನ್ನು ತಡೆಯುತ್ತದೆ. ಕಾಂಕ್ರೀಟ್ ಪೆಟ್ಟಿಗೆಯೊಳಗೆ ಇದಾವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇವತ್ತು ನೀವು ಒಂಬತ್ತು ಪೈಪು ಎಂದು ಎಣಿಸಿ ಹೇಳುತ್ತಿದ್ದೀರಿ. ಮುಚ್ಚಿದ ಮೇಲೆ ಹತ್ತನೆಯದು ಯಾವಾಗ ಸೇರಿತು, ಐವತ್ತನೆಯದು ಎಲ್ಲಿ ಸೇರಿತು ಎಂದು ಯಾರಿಗೂ ತಿಳಿಯುವುದಿಲ್ಲ. ವಾಸನೆ ಬರುವುದು ನಿಂತರೂ ಕೆಳಗಿನ ಕೆರೆಯಲ್ಲಿ ಅದೇ ನೀರು ಇರುತ್ತದೆ.

ಕೊಳಚೆಯನ್ನು ಮೊದಲು ಶುದ್ಧೀಕರಿಸಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಒಂದು ಬೆಳಗ್ಗೆ ಜಕ್ಕೂರಿಗೆ ಹೋಗಿಬನ್ನಿ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ಕೋಡಿಬಿದ್ದರೆ ರಾಚೇನಹಳ್ಳಿಗೆ ಹರಿಯುತ್ತದೆ. ಆ ವ್ಯವಸ್ಥೆಗೂ ತೊಂದರೆಗಳಿಲ್ಲದಿಲ್ಲ; ಒಳಬರುವ ಕಾಲುವೆಯಲ್ಲಿ ಹಸಿ ಕೊಳಚೆ ಬೆರೆತ ದಿನ ಜೊಂಡು ಒಂದೇ ಅದನ್ನು ಸರಿಪಡಿಸಲಾರದು.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಗ್ರಾಮ ನಕ್ಷೆ ಸಿಕ್ಕಿತು. ನಮ್ಮ ಹಳ್ಳ ಅದರಲ್ಲಿದೆ. ಎರಡು ಗೆರೆಗಳ ನಡುವೆ ಕೆರೆಯವರೆಗೂ ಬಿಟ್ಟೂಬಿಡದೆ ಸಾಗಿದೆ. ಎರಡು ಸರ್ವೆ ನಂಬರುಗಳ ಹಳೆಯ ಪಹಣಿಗಳಲ್ಲಿ ಬಿ-ಖರಾಬು ನಮೂದಾಗಿದೆ, ಮೂರನೆಯದರ ನಕಲು ಇನ್ನೂ ಬರಬೇಕು. ಹಿರಿಯರು ಹೇಳಿಕೊಟ್ಟ ಲೆಕ್ಕದಂತೆ ಇರಬೇಕಾದ ಅಗಲ ಹದಿನಾರೂವರೆ ಅಡಿ. ನಾನೂ ನನ್ನ ಮಗಳೂ ಟೇಪು ಹಿಡಿದು ಅಳೆದಾಗ ಅತಿ ಕಿರಿದಾದ ಕಡೆ ಒಂಬತ್ತು ಅಡಿ ಸಿಕ್ಕಿತು.

ಸಂಘದ ಸಭೆಯಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಮುಚ್ಚುವ ನಿರ್ಣಯವನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ. ಪೈಪುಗಳಿರುವ ಒಂಬತ್ತು ಮನೆಗಳಲ್ಲಿ ಆರು ಮನೆಯವರು ಒಳಚರಂಡಿ ಸಂಪರ್ಕದ ಅರ್ಜಿಗೆ ಸಹಿ ಹಾಕಿದರು. ಇಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಉಳಿದ ಒಂದು ಮನೆಯ ಕಾಂಪೌಂಡೇ ಆ ಒಂಬತ್ತು ಅಡಿಯ ಜಾಗದಲ್ಲಿದೆ. ಅವರು ಬಾಗಿಲು ತೆರೆಯಲಿಲ್ಲ.

ಹಳ್ಳದ ದರ್ಜೆಯ ಬಗ್ಗೆ ಮಾಹಿತಿ ಹಕ್ಕಿನ ಉತ್ತರ ನಿನ್ನೆ ಬಂತು: ‘ಸದರಿ ಕಾಲುವೆಯು ಈ ಕಚೇರಿಯ ಪಟ್ಟಿಯಲ್ಲಿ ಲಭ್ಯವಿರುವುದಿಲ್ಲ.’ ಕಂದಾಯದ ನಕ್ಷೆಯಲ್ಲಿದ್ದು ಪಾಲಿಕೆಯ ಪಟ್ಟಿಯಲ್ಲಿ ಇಲ್ಲದ ಹಳ್ಳವನ್ನು ಆ ಪಟ್ಟಿಗೆ ಸೇರಿಸಲು ಯಾರಿಗೆ, ಯಾವ ರೂಪದಲ್ಲಿ ಅರ್ಜಿ ಕೊಡಬೇಕೆಂದು ವಕೀಲರು ದಯವಿಟ್ಟು ತಿಳಿಸಬೇಕು. ಹದ್ದುಬಸ್ತಿನ ಅಳತೆಗೆ ಮುಂದಿನ ತಿಂಗಳ ಎರಡನೇ ವಾರ ದಿನ ಕೊಟ್ಟಿದ್ದಾರೆ.